ಅಂತೆಗೂ ಮಹಜರಿಗೂ ನಡುವೆ: ಬೆಟ್ಟದ ಕಳ್ಳಭಟ್ಟಿ ನಾಯಕರ ಕಥೆಯನ್ನು ಬರೆಯುವ ಬಗೆ

ಬಸವನಗುಡಿಯ ಒಂದು ಮನೆಯ ಮಹಡಿಯಲ್ಲಿ ತಿಂಗಳಿಗೊಮ್ಮೆ, ಭಾನುವಾರ ಬೆಳಿಗ್ಗೆ, ಹದಿನೈದಿಪ್ಪತ್ತು ಮಂದಿ ಸೇರಿ ಒಂದು ವಿಷಯವನ್ನು ಹಿಡಿದು ಮಾತನಾಡುವ ಪದ್ಧತಿಯಿದೆ. ಅಮೆರಿಕದ ಅಪಲೇಚಿಯನ್ ಬೆಟ್ಟಸಾಲಿನ ಕಳ್ಳಭಟ್ಟಿಯವರ ಬಗ್ಗೆ ಮಾತನಾಡುವ ಸರದಿ ನನ್ನದಾದಾಗ, ಟೆನೆಸ್ಸಿಯ ಮಹಾಲಾ ಮುಲಿನ್ಸ್ ಎಂಬಾಕೆಯ ಕಥೆಯಿಂದ ಆರಂಭಿಸಿದೆ. ನ್ಯೂಮನ್ಸ್ ರಿಡ್ಜ್ ಎಂಬ ಬೆಟ್ಟದ ನೆತ್ತಿಯ ಮೇಲೆ ಮನೆ ಮಾಡಿಕೊಂಡು ಸಾರಾಯಿ ಮಾರುತ್ತಿದ್ದ ಆಕೆ ಎಷ್ಟು ಸ್ಥೂಲಕಾಯದವಳೆಂದರೆ, ಹಿಡಿಯಲು ಬಂದ ಅಧಿಕಾರಿ ಅವಳನ್ನು ಬಾಗಿಲು ದಾಟಿಸಲಾರದೆ, ‘ಹಿಡಿಯಬಹುದು ಸ್ವಾಮಿ, ತರಲಾಗದು’ ಎಂದು ನ್ಯಾಯಾಧೀಶರಿಗೆ ವರದಿ ಒಪ್ಪಿಸಿದನಂತೆ. 1898ರಲ್ಲಿ ಆಕೆ ತೀರಿಕೊಂಡಾಗ ಹೆಣವನ್ನು ಹೊರತರಲು ಗೋಡೆಯನ್ನೇ ಒಡೆದರಂತೆ. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಅಬಕಾರಿ ಇನ್‌ಸ್ಪೆಕ್ಟರ್ ಒಬ್ಬರು ಮಾತ್ರ ನಗದೆ, ‘ಎಲ್ಲ ಸರಿ ಸಾರ್, ಮಹಜರು ಬರೆದವರು ಯಾರು? ಪಂಚರು ಯಾರು?’ ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಹೋಗಿ ಹುಡುಕಿದಾಗ, ಗೋಡೆಯನ್ನು ಯಾರೂ ಒಡೆಯಲಿಲ್ಲ, ಒಲೆಗೂಡಿನ ಚಿಮಣಿ ಕಟ್ಟಲೆಂದು ಮೊದಲೇ ಬಿಟ್ಟಿದ್ದ ತೆರಪಿನಿಂದ ಹೆಣವನ್ನು ಹೊರತಂದರು ಎಂಬ ಇನ್ನೊಂದು ಹೇಳಿಕೆ ಸಿಕ್ಕಿತು. ಆಕೆಯ ತೂಕವಂತೂ ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಏರಿಳಿಯುತ್ತದೆ. ಆದರೆ ಆಕೆ ಇದ್ದದ್ದು ನಿಜ, ಸಾರಾಯಿ ಮಾರಿದ್ದು ನಿಜ, ಮರದ ದಿಮ್ಮಿಗಳ ಆ ಮನೆ ಇಂದಿಗೂ ಉಳಿದಿರುವುದು ನಿಜ. ಇಂಥ ಕಥೆಗಳನ್ನು ಕನ್ನಡದಲ್ಲಿ ಲೇಖನವಾಗಿಯೋ ಭಾಷಣವಾಗಿಯೋ ಸಿದ್ಧಪಡಿಸಲು ಹೊರಟವರಿಗೆ, ನಾನು ಎಡವಿದ ಜಾಗಗಳನ್ನು ತೋರಿಸಿ, ಆಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಬಂದೂಕಿನಿಂದಲ್ಲ, ತೆರಿಗೆಯಿಂದ ಆರಂಭಿಸಿ

ಈ ನಾಯಕರ ಕಥೆಗಳೆಲ್ಲ ಸಾಮಾನ್ಯವಾಗಿ ಒಂದು ಗುಂಡಿನ ಸದ್ದಿನಿಂದ ತೊಡಗುತ್ತವೆ. ನೀವು ಹಾಗೆ ಮಾಡಬೇಡಿ. ಒಂದು ಹಾಳೆಯಲ್ಲಿ ಮೊದಲು ತೆರಿಗೆಯ ಇಸವಿಗಳನ್ನು ಬರೆದಿಟ್ಟುಕೊಳ್ಳಿ. ಹೊಸದಾಗಿ ಹುಟ್ಟಿದ ಅಮೆರಿಕದ ಸರ್ಕಾರ ಸಾಲ ತೀರಿಸಲೆಂದು 1791ರಲ್ಲಿ ಮದ್ಯದ ಮೇಲೆ ಸುಂಕ ಹಾಕಿತು. ಪಶ್ಚಿಮ ಪೆನ್ಸಿಲ್ವೇನಿಯದ ರೈತರು ದಂಗೆಯೆದ್ದರು. 1794ರಲ್ಲಿ ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಮಂದಿಯ ಸೇನೆಯನ್ನು ಕೂಡಿಸಿ, ಸ್ವಲ್ಪ ದೂರ ತಾವೇ ಮುಂದೆ ನಿಂತು ನಡೆಸಿದರು. 1802ರಲ್ಲಿ ಆ ಸುಂಕ ರದ್ದಾಯಿತು. 1812ರ ಯುದ್ಧದ ಖರ್ಚಿಗೆಂದು ಹೇರಿದ್ದ ಕೆಲವು ವರ್ಷಗಳನ್ನು ಬಿಟ್ಟರೆ, ಮುಂದಿನ ಅರವತ್ತು ವರ್ಷ ಬೆಟ್ಟದ ರೈತನೊಬ್ಬ ತನ್ನ ಜೋಳವನ್ನು ಭಟ್ಟಿ ಇಳಿಸಿದರೆ ಕೇಂದ್ರ ಸರ್ಕಾರದ ಯಾರೂ ಕೇಳುತ್ತಿರಲಿಲ್ಲ. ಅಂತರ್ಯುದ್ಧದ ನಡುವೆ, 1862ರಲ್ಲಿ, ಗ್ಯಾಲನ್ನಿಗೆ 20 ಸೆಂಟಿನಂತೆ ಸುಂಕ ಮರಳಿತು. 1865ರ ಹೊತ್ತಿಗೆ ಅದು 2 ಡಾಲರ್ ಆಗಿ ಹತ್ತು ಪಟ್ಟು ಬೆಳೆದಿತ್ತು. ವಂಚನೆ ಹೆಚ್ಚಿದ್ದರಿಂದ 1868ರಲ್ಲಿ 50 ಸೆಂಟಿಗೆ ಇಳಿಸಿ, 1875ರಲ್ಲಿ ಮತ್ತೆ 90 ಸೆಂಟಿಗೆ ಏರಿಸಿದರು.

ಈ ಹಾಳೆ ಕೈಯಲ್ಲಿದ್ದರೆ ಕಥೆಯ ಅರ್ಧ ಗುಟ್ಟು ಬಿಟ್ಟುಕೊಡುತ್ತದೆ. ಅಜ್ಜ ಮಾಡಿದ, ಅಪ್ಪ ಮಾಡಿದ ಕೆಲಸವನ್ನು ಮಗನೂ ಮಾಡುತ್ತಿದ್ದಾನೆ. ನಡುವೆ ಬದಲಾದದ್ದು ಅವನಲ್ಲ, ಕಾನೂನು. ರಸ್ತೆಯಿಲ್ಲದ ಬೆಟ್ಟದಲ್ಲಿ ಒಂದು ಕುದುರೆಯ ಬೆನ್ನ ಮೇಲೆ ಹೋಗುವ ಜೋಳದ ಬೆಲೆ ಎಷ್ಟು, ಅದೇ ಕುದುರೆ ಹೊರುವ ಸಾರಾಯಿಯ ಬೆಲೆ ಎಷ್ಟು ಎಂಬ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಭಟ್ಟಿಯೆಂಬುದು ಅವರಿಗೆ ಚಟಕ್ಕಿಂತ ಹೆಚ್ಚಾಗಿ ಫಸಲನ್ನು ಪೇಟೆಗೆ ಸಾಗಿಸುವ ಉಪಾಯವಾಗಿತ್ತೆಂಬುದು ತಿಳಿಯುತ್ತದೆ. ಆದರೆ ಇದೇ ವಾದವನ್ನು 1920ರಿಂದ 1933ರವರೆಗಿನ ಪಾನನಿಷೇಧದ ಕಾಲಕ್ಕೆ ಹಾಗೆಯೇ ಹೊಂದಿಸಬೇಡಿ. ಆಗ ಅದು ನಗರಗಳಿಗೆ ಲೋಡುಗಟ್ಟಲೆ ಹೋಗುವ ವ್ಯಾಪಾರವಾಗಿತ್ತು, ರೈತನ ಮಾತು ಹಿಂದೆ ಸರಿದಿತ್ತು.

ಪದಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಿ

ಮೂನ್‌ಶೈನ್ ಎಂಬುದನ್ನು ಒಬ್ಬ ಉತ್ಸಾಹಿ ಮಿತ್ರರು ‘ಬೆಳದಿಂಗಳ ಮದಿರೆ’ ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ. ಭಾವಗೀತೆಗೆ ಒಪ್ಪೀತು, ಬೇರೆಲ್ಲಿಗೂ ಅಲ್ಲ. ನಮ್ಮಲ್ಲಿ ‘ಕಳ್ಳಭಟ್ಟಿ’ ಎಂಬ ಪದವೇ ಇರುವಾಗ ಇನ್ನೊಂದನ್ನು ಕಟ್ಟುವ ಅಗತ್ಯವಿಲ್ಲ. ಹುಳಿಯೇರಲು ಬಿಟ್ಟ ಹಿಟ್ಟು, ಬೆಲ್ಲ, ನೀರಿನ ಮಿಶ್ರಣಕ್ಕೆ ನಮ್ಮ ಅಬಕಾರಿ ದಾಳಿಯ ಸುದ್ದಿಗಳಲ್ಲೆಲ್ಲ ‘ಕೊಳೆ’ ಎನ್ನುತ್ತಾರೆ. ‘ಬೆಲ್ಲದ ಕೊಳೆ ನಾಶ’ ಎಂಬ ಶೀರ್ಷಿಕೆಯನ್ನು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದದವರು ಕಡಿಮೆ. ಅಮೆರಿಕದವರ ಜೋಳದ ಮಿಶ್ರಣಕ್ಕೂ ಈ ಪದ ಚೆನ್ನಾಗಿ ಹೊಂದುತ್ತದೆ. ರೆವಿನ್ಯೂವರ್ ಎಂದು ಅವರು ಬೈಯುತ್ತಿದ್ದ ಅಧಿಕಾರಿಯನ್ನು ‘ಅಬಕಾರಿಯವನು’ ಎಂದರೆ ಸಾಕು.

ಕಷ್ಟವಿರುವುದು ‘ಔಟ್‌ಲಾ’ ಎಂಬ ಪದದಲ್ಲಿ. ದರೋಡೆಕೋರ ಎಂದರೆ ತಪ್ಪಾಗುತ್ತದೆ, ಏಕೆಂದರೆ ಈ ಕಥೆಗಳ ಬಹುಪಾಲು ಮಂದಿ ಯಾರ ಮನೆಗೂ ಕನ್ನ ಹಾಕಲಿಲ್ಲ. ಬಂಡಾಯಗಾರ ಎಂದರೆ ಇಲ್ಲದ ಗೌರವವನ್ನು ಹೊದಿಸಿದಂತೆ. ನಾನು ‘ತಲೆಮರೆಸಿಕೊಂಡವನು’ ಎಂದು ಬರೆಯುತ್ತೇನೆ. ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ, ಮತ್ತು ಅವನನ್ನು ಯಾರೋ ಅಡಗಿಸಿಟ್ಟಿದ್ದರು ಎಂಬ ಸೂಚನೆಯಿದೆ.

ಇನ್ನು ನಮ್ಮ ಭಾಷೆ ಕೊಟ್ಟಿರುವ ಅತ್ಯುತ್ತಮ ಸಲಕರಣೆ ‘ಅಂತೆ’. ಇಂಗ್ಲಿಷಿನಲ್ಲಿ ಬರೆಯುವವನು ಒಂದೊಂದು ವಾಕ್ಯಕ್ಕೂ ‘ಎಂದು ಹೇಳಲಾಗುತ್ತದೆ’ ಎಂಬ ಬಾಲ ಕಟ್ಟಿ ಬೇಸರ ಹುಟ್ಟಿಸಬೇಕು. ನಮಗೆ ಕ್ರಿಯಾಪದದ ಕೊನೆಗೆ ಎರಡಕ್ಷರ ಸೇರಿಸಿದರೆ ಸಾಕು, ‘ಇದನ್ನು ನಾನು ಕಂಡಿಲ್ಲ, ಕೇಳಿದ್ದೇನೆ’ ಎಂಬುದು ಓದುಗನಿಗೆ ಮುಟ್ಟುತ್ತದೆ. ಆದ್ದರಿಂದ ಕರಡಿನಲ್ಲಿ ಒಂದು ಕಟ್ಟಳೆ ಇಟ್ಟುಕೊಳ್ಳಿ: ಕೋರ್ಟು, ಜೈಲು, ಸರ್ಕಾರಿ ಆದೇಶಗಳಿಂದ ಬಂದ ಸಂಗತಿಯ ವಾಕ್ಯ ‘ದನು, ತು’ ಎಂದು ಮುಗಿಯಲಿ, ಜನರ ಬಾಯಿಂದ ಬಂದದ್ದು ‘ಅಂತೆ’ಯಿಂದ ಮುಗಿಯಲಿ. ಎರಡು ಪುಟವಿಡೀ ‘ಅಂತೆ’ಯೇ ತುಂಬಿದರೆ ಅದು ಅಂತೆಕಂತೆಯಾಗಿದೆ ಎಂದರ್ಥ. ಒಂದೂ ಇಲ್ಲದಿದ್ದರೆ ನೀವು ಬರೆದದ್ದು ಚಾರ್ಜ್‌ಶೀಟು.

ಒಬ್ಬನನ್ನೇ ಹಿಡಿದು ಕೊನೆಯವರೆಗೆ ಹೋಗಿ

ಹತ್ತು ಹೆಸರುಗಳನ್ನು ಪೋಣಿಸುವ ಆಸೆಯನ್ನು ಬಿಟ್ಟು, ಒಬ್ಬನನ್ನು ಆರಿಸಿಕೊಳ್ಳಿ. ಮೊದಲ ಪ್ರಯತ್ನಕ್ಕೆ ಲೂಯಿಸ್ ರೆಡ್ಮಂಡ್‌ಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 1876ರ ಮಾರ್ಚ್ 1ರಂದು ಉತ್ತರ ಕೆರೊಲಿನಾದ ಟ್ರಾನ್ಸಿಲ್ವೇನಿಯ ಕೌಂಟಿಯಲ್ಲಿ, ತನ್ನನ್ನು ಬಂಧಿಸಲು ಬಂದ ಆಲ್ಫ್ರೆಡ್ ಡಕ್‌ವರ್ತ್ ಎಂಬ ಅಧಿಕಾರಿಯನ್ನು ರೆಡ್ಮಂಡ್ ಗುಂಡಿಟ್ಟು ಕೊಂದನು. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸು. ಅಲ್ಲಿಂದ ದಕ್ಷಿಣ ಕೆರೊಲಿನಾದ ಪಿಕೆನ್ಸ್ ಕೌಂಟಿಗೆ ಓಡಿ ಅಲ್ಲಿಯೂ ಸಾರಾಯಿ ವ್ಯಾಪಾರ ಮುಂದುವರಿಸಿದನು. 1881ರಲ್ಲಿ ಅಧಿಕಾರಿಗಳ ಗುಂಡೇಟು ತಿಂದು ಸೆರೆಸಿಕ್ಕನು, ಹತ್ತು ವರ್ಷದ ಶಿಕ್ಷೆಯಾಯಿತು, 1884ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಕ್ಷಮಾದಾನ ನೀಡಿದರು. ಬಿಡುಗಡೆಯ ಬಳಿಕ ವಾಲ್‌ಹಾಲಾ ಊರಿನಲ್ಲಿ, ಸರ್ಕಾರದ ಪರವಾನಗಿ ಪಡೆದ ಭಟ್ಟಿಯೊಂದರಲ್ಲಿ, ಸುಂಕ ಕಟ್ಟಿದ ವಿಸ್ಕಿಯನ್ನು ಇಳಿಸುವ ಕೆಲಸ ಮಾಡಿದನು. 1906ರಲ್ಲಿ ತೀರಿಕೊಂಡನು.

ಇಷ್ಟು ಗಟ್ಟಿಯಾದ ಮೇಲೆ, ಆ ಮಾರ್ಚ್ 1ರ ಒಂದು ನಿಮಿಷಕ್ಕೆ ಹಿಂತಿರುಗಿ, ಅದನ್ನು ಎಷ್ಟು ಹತ್ತಿರದಿಂದ ನೋಡಲು ಸಾಧ್ಯವೋ ಅಷ್ಟು ಹತ್ತಿರದಿಂದ ನೋಡಿ. ಡಕ್‌ವರ್ತ್ ಪಿಸ್ತೂಲು ಹಿಡಿದು ನಿಲ್ಲಿಸಿದನಂತೆ. ರೆಡ್ಮಂಡ್, ‘ಪಿಸ್ತೂಲು ಇಳಿಸು, ವಾರಂಟ್ ಓದಿ ಹೇಳು, ಕೇಳುತ್ತೇನೆ’ ಎಂದನಂತೆ. ಡಕ್‌ವರ್ತ್ ಕಾಗದದತ್ತ ಕಣ್ಣು ತಿರುಗಿಸಿದಾಗ ಗುಂಡು ಹಾರಿತಂತೆ. ಹೊಗಳುವವರಿಗೆ ಇದು ಚಾಣಾಕ್ಷತನ. ಡಕ್‌ವರ್ತ್‌ನ ಮನೆಯವರ ಕಡೆಯಿಂದ ನೋಡಿದರೆ, ಕಾನೂನಿನ ಕ್ರಮವನ್ನು ಪಾಲಿಸಲು ಹೋದ ಯುವಕ ಆ ಪಾಲನೆಯಿಂದಲೇ ಸತ್ತ. ಒಂದೇ ಘಟನೆಯನ್ನು ಎರಡೂ ಕಡೆಯಿಂದ ಒಂದೊಂದು ಪ್ಯಾರಾ ಬರೆದು ನೋಡಿ. ಎರಡನೆಯ ಪ್ಯಾರಾ ಬರೆಯುವಾಗ ಕೈ ತಡೆದರೆ, ಮೊದಲನೆಯದರಲ್ಲಿ ನೀವು ಮನಸೋತಿದ್ದೀರಿ ಎಂದು ತಿಳಿಯಬೇಕು. ನನ್ನ ಕೈ ತಡೆದಿತ್ತು.

ಇದಕ್ಕೆ ಬೇಕಾದ ಸಾಮಗ್ರಿಗಾಗಿ ಬೆಂಗಳೂರು ಬಿಟ್ಟು ಹೋಗಬೇಕಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಹಳೆಯ ಪತ್ರಿಕೆಗಳ ಪುಟಗಳನ್ನು ಚಿತ್ರರೂಪದಲ್ಲಿ ಅಂತರ್ಜಾಲಕ್ಕೆ ಹಾಕಿದೆ, ಓದಲು ಹಣ ಕೊಡಬೇಕಾಗಿಲ್ಲ. ಇಸವಿಯನ್ನು 1876ರಿಂದ 1884ಕ್ಕೆ ಸೀಮಿತಗೊಳಿಸಿ ಹೆಸರನ್ನು ಹುಡುಕಿ. ಕಾಗುಣಿತ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಬಗೆಯಾಗಿರುತ್ತದೆ, ಆದ್ದರಿಂದ ಕೊನೆಯ ಅಕ್ಷರ ಬಿಟ್ಟೂ ಹುಡುಕಬೇಕು. ಮನೆಯಲ್ಲಿ ಏಕಾಗ್ರತೆ ಸಾಲದಿದ್ದರೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕುಳಿತು ಟಿಪ್ಪಣಿ ಬರೆಯಿರಿ. ಅಲ್ಲಿನ ಮೌನಕ್ಕೆ ಗೂಗಲ್ಲಿನಲ್ಲಿ ಬದಲಿ ಇಲ್ಲ.

ಹೊಗಳಿದವರು ಯಾರು ಎಂದು ಕೇಳಿ

ಈ ಹಂತವನ್ನು ಬಹಳ ಮಂದಿ ಹಾರಿಸುತ್ತಾರೆ, ಹಾಗಾಗಿ ಇದರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತೇನೆ. ರೆಡ್ಮಂಡ್‌ನನ್ನು ನಾಯಕನನ್ನಾಗಿ ಮಾಡಿದ್ದು ಬೆಟ್ಟದ ನೆರೆಹೊರೆ ಮಾತ್ರವಲ್ಲ. 1878ರಲ್ಲಿ ಚಾರ್ಲ್‌ಸ್ಟನ್ ನಗರದ ಪತ್ರಿಕೆಯೊಂದು ಅವನ ಅಡಗುದಾಣಕ್ಕೆ ವರದಿಗಾರನನ್ನು ಕಳಿಸಿ ಸಂದರ್ಶನ ಪ್ರಕಟಿಸಿತು. ಮರುವರ್ಷವೇ ಅವನ ಹೆಸರಿನಲ್ಲಿ ಅಗ್ಗದ ರಮ್ಯ ಕಾದಂಬರಿ ಅಚ್ಚಾಯಿತು. ಕಾಲವನ್ನು ಗಮನಿಸಿ: ಅಂತರ್ಯುದ್ಧದಲ್ಲಿ ಸೋತ ದಕ್ಷಿಣ ರಾಜ್ಯಗಳಿಂದ 1877ರಲ್ಲಷ್ಟೇ ಕೇಂದ್ರದ ಸೈನ್ಯ ಹಿಂದೆ ಸರಿದಿತ್ತು. ಕಪ್ಪು ಜನರಿಗೆ ಮತದಾನದ ಹಕ್ಕು ಕೊಡಿಸಲು ಬಂದಿದ್ದ ಕೇಂದ್ರ ಸರ್ಕಾರವೇ ಸಾರಾಯಿಯ ಸುಂಕವನ್ನೂ ವಸೂಲು ಮಾಡುತ್ತಿತ್ತು. ಆ ಸರ್ಕಾರವನ್ನು ದ್ವೇಷಿಸುತ್ತಿದ್ದ ಬಿಳಿಯರ ಪತ್ರಿಕೆಗಳಿಗೆ, ಅದರ ಅಧಿಕಾರಿಯನ್ನು ಕೊಂದು ಓಡಾಡಿಕೊಂಡಿದ್ದ ಯುವಕ ಬಯಸಿದ ನಾಯಕನಾಗಿ ಒದಗಿಬಂದನು. ಕೆಲವು ವರ್ಷಗಳಲ್ಲಿ ರಾಜಕೀಯದ ಗಾಳಿ ಬದಲಾದಾಗ, ಪಟ್ಟಣದ ಪತ್ರಿಕೆಗಳು ಬೆಟ್ಟದವರನ್ನೇ ಒರಟರು, ಕಾಡುಜನ ಎಂದು ಬಣ್ಣಿಸತೊಡಗಿದವು. ಮನುಷ್ಯರು ಅವರೇ, ಭಟ್ಟಿಯೂ ಅದೇ.

ಅದೇ ಬೆಟ್ಟಗಳಿಂದ 1838ರಲ್ಲಿ ಚೆರೋಕಿ ಜನರನ್ನು ಸೈನ್ಯದ ಕಾವಲಿನಲ್ಲಿ ಸಾವಿರ ಮೈಲಿ ಆಚೆಗೆ ಅಟ್ಟಲಾಗಿತ್ತು. ‘ಅನಾದಿಕಾಲದಿಂದ ಸ್ವತಂತ್ರವಾಗಿದ್ದ ಬೆಟ್ಟದ ಜನ’ ಎಂಬ ಮಾತು ನಿಮ್ಮ ಕರಡಿನಲ್ಲಿ ನುಸುಳಿದ್ದರೆ ಅದನ್ನು ಹೊಡೆದುಹಾಕಿ.

ಕಾನೂನು ಒಂದು ಕಡೆ, ತಲೆಮರೆಸಿಕೊಂಡವರು ಇನ್ನೊಂದು ಕಡೆ ಎಂಬ ನಾಟಕದ ಏರ್ಪಾಡನ್ನೂ ಅನುಮಾನಿಸಿ. ವರ್ಜೀನಿಯದ ಫ್ರಾಂಕ್ಲಿನ್ ಕೌಂಟಿಯಲ್ಲಿ 1935ರಲ್ಲಿ ನಡೆದ ದೊಡ್ಡ ಮೊಕದ್ದಮೆಯ ಆರೋಪವೇನೆಂದರೆ, ಕಾನೂನು ಕಾಯಬೇಕಾದವರೇ ಕಳ್ಳಭಟ್ಟಿಯವರಿಂದ ಹಣ ವಸೂಲು ಮಾಡಿಕೊಂಡು ಲೋಡುಗಳನ್ನು ಬಿಡುತ್ತಿದ್ದರು ಎಂಬುದು. ಹಲವರಿಗೆ ಶಿಕ್ಷೆಯಾಯಿತು, ಮುಖ್ಯ ಆರೋಪಿಗಳಲ್ಲೊಬ್ಬರಾಗಿದ್ದ ಕೌಂಟಿಯ ಸರ್ಕಾರಿ ವಕೀಲ ಖುಲಾಸೆಯಾದರು. ಇದನ್ನು ಕನ್ನಡದ ಓದುಗರಿಗೆ ವಿವರಿಸಲು ‘ಮಾಮೂಲು’ ಎಂಬ ಒಂದು ಪದ ಸಾಕು.

ನಮ್ಮ ಲಾವಣಿಗಳನ್ನು ಪಕ್ಕದಲ್ಲಿಡುವಾಗ

ಕನ್ನಡದ ಸಭೆಯಲ್ಲಿ ಯಾರಾದರೂ ‘ನಮ್ಮ ಸಂಗೊಳ್ಳಿ ರಾಯಣ್ಣನ ಹಾಗೆ’ ಎಂದೇ ಎನ್ನುತ್ತಾರೆ. ಅಲ್ಲಿ ನಿಧಾನಿಸಬೇಕು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಕಿತ್ತೂರಿನ ರಾಜ್ಯಕ್ಕಾಗಿ ಕಂಪನಿ ಸರ್ಕಾರದ ವಿರುದ್ಧ ಹೋರಾಡಿದವನು. ಬೆಂಗಳೂರಿನ ರೈಲು ನಿಲ್ದಾಣಕ್ಕೆ ಅವನ ಹೆಸರಿದೆ. ಸಾರಾಯಿ ವ್ಯಾಪಾರಿಯೊಬ್ಬನನ್ನು ಅವನ ಸಾಲಿನಲ್ಲಿ ನಿಲ್ಲಿಸಿದರೆ ಕೇಳುಗರು ಸಿಟ್ಟಾಗುತ್ತಾರೆ, ಅದು ನ್ಯಾಯವಾದ ಸಿಟ್ಟು. ಹೋಲಿಸಬೇಕಾದದ್ದು ವ್ಯಕ್ತಿಗಳನ್ನಲ್ಲ, ಕಥೆ ಹುಟ್ಟುವ ಸನ್ನಿವೇಶವನ್ನು.

ಅದಕ್ಕೆ ಹಲಗಲಿ ಹೆಚ್ಚು ಸಹಾಯಕ. 1857ರಲ್ಲಿ ಆಯುಧಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು, ನೋಂದಾಯಿಸಬೇಕು ಎಂಬ ಆಜ್ಞೆ ಬಂದಾಗ, ಬೇಟೆಯೇ ಬದುಕಾಗಿದ್ದ ಬೇಡರು ಒಪ್ಪದೆ ಸೆಣಸಿದರು. ಊರು ಸುಟ್ಟುಹೋಯಿತು, ಲಾವಣಿ ಉಳಿಯಿತು. ನಿನ್ನೆಯವರೆಗೆ ಗೂಟಕ್ಕೆ ನೇತುಹಾಕಿದ್ದ ಸಲಕರಣೆ ಇವತ್ತು ಬೆಳಿಗ್ಗೆ ಅಪರಾಧವಾಗುವ ಆ ಗಳಿಗೆ, ಕೆರೊಲಿನಾದ ತಾಮ್ರದ ಭಟ್ಟಿಗೂ ಹಲಗಲಿಯ ಬಂದೂಕಿಗೂ ಸಮಾನವಾದದ್ದು. ಸಾಮ್ಯ ಅಲ್ಲಿಗೆ ಮುಗಿಯುತ್ತದೆ.

ಇನ್ನೊಂದು ದಾರಿಯೂ ಇದೆ. ಬ್ರಿಟಿಷ್ ಅಧಿಕಾರಿ ಹಾಗೂ ಶಾಸನತಜ್ಞ ಜೆ. ಎಫ್. ಫ್ಲೀಟ್ ಉತ್ತರ ಕರ್ನಾಟಕದ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವುಗಳಲ್ಲಿ ರಾಯಣ್ಣನ ಲಾವಣಿಯ ಜೊತೆಗೆ ಆದಾಯ ತೆರಿಗೆಯನ್ನು ಕುರಿತ ಲಾವಣಿಯೊಂದೂ ಇದೆ. ಭಾರತದಲ್ಲಿ ಆದಾಯ ತೆರಿಗೆ ಬಂದದ್ದು 1860ರಲ್ಲಿ, ಅಮೆರಿಕದಲ್ಲಿ ಮದ್ಯದ ಸುಂಕ ಮರಳಿದ್ದು 1862ರಲ್ಲಿ. ಒಂದು ದಂಗೆಯ ಸಾಲ ತೀರಿಸಲು ಅದು, ಒಂದು ಯುದ್ಧದ ವೆಚ್ಚ ಭರಿಸಲು ಇದು. ತೆರಿಗೆಯ ಕುರಿತೂ ಜನ ಹಾಡು ಕಟ್ಟುತ್ತಾರೆಂಬುದನ್ನು ನನ್ನ ಸಭೆಯಲ್ಲಿದ್ದ ಇಬ್ಬರು ಚಾರ್ಟರ್ಡ್ ಅಕೌಂಟೆಂಟರು ವಿಶೇಷ ಆಸಕ್ತಿಯಿಂದ ಬರೆದುಕೊಂಡರು. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಮೈಸೂರು ಸಂಸ್ಥಾನದ ಆಡಳಿತದ ಕಡತಗಳನ್ನು ನೋಡುವವರು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಅರ್ಜಿ ಕೊಡಬೇಕು.

ಸತ್ತವರಿಗೂ ಒಂದು ಜಾಗ ಬಿಡಿ

ಬೆಂಗಳೂರಿನಲ್ಲಿ ಕುಳಿತು ಕಳ್ಳಭಟ್ಟಿಯ ಬಗ್ಗೆ ಬರೆಯುವವನು 1981ನ್ನು ಮರೆತರೆ ಹಿರಿಯ ಓದುಗರು ಕ್ಷಮಿಸುವುದಿಲ್ಲ. ಆ ವರ್ಷದ ಜುಲೈನಲ್ಲಿ ಮೆಥನಾಲ್ ಬೆರೆತ ಸಾರಾಯಿ ಕುಡಿದು ಈ ನಗರದಲ್ಲಿ 300ಕ್ಕೂ ಹೆಚ್ಚು ಮಂದಿ ಸತ್ತರು. ಬೆಟ್ಟದ ಕಥೆಗಳಲ್ಲಿಯೂ ಈ ಮಗ್ಗುಲಿದೆ: ಭಟ್ಟಿಯ ಆವಿಯನ್ನು ತಣಿಸಲು ಹಳೆಯ ಕಾರಿನ ರೇಡಿಯೇಟರ್ ಬಳಸಿದ ಕಡೆಗಳಲ್ಲಿ, ಅದರ ಬೆಸುಗೆಯ ಸೀಸ ಸಾರಾಯಿಗೆ ಇಳಿದು ಕುಡಿದವರ ನರಗಳನ್ನೂ ಮೂತ್ರಪಿಂಡಗಳನ್ನೂ ಹಾಳುಮಾಡಿತು. ನಾಯಕನ ಕಥೆ ಹೇಳುವವರು ‘ನಮ್ಮವನ ಸರಕು ಮಾತ್ರ ಶುದ್ಧ’ ಎನ್ನುವುದನ್ನು ಎಂದೂ ಮರೆಯುವುದಿಲ್ಲ. ಆ ಮಾತು ಬಂದಲ್ಲಿ ‘ಅಂತೆ’ ಹಾಕಿ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯೇ ನಿಷೇಧವಾಗಿದ್ದು, ಅಂದಿನಿಂದ ಕಾನೂನುಬದ್ಧ ಸಾರಾಯಿ ಎಂಬುದೇ ಇಲ್ಲವಾದ್ದರಿಂದ, ಎಳೆಯ ಓದುಗರಿಗೆ ಸಾರಾಯಿ ಅಂಗಡಿ ಎಂದರೇನೆಂದು ಒಂದು ಸಾಲಿನಲ್ಲಿ ವಿವರಿಸಬೇಕಾಗುತ್ತದೆ.

ಇನ್ನೊಂದು ಉದಾಹರಣೆಯನ್ನು ನಾನು ಸದಾ ಜೇಬಿನಲ್ಲಿಟ್ಟುಕೊಂಡಿರುತ್ತೇನೆ. ಮಲೆ ಮಹದೇಶ್ವರ ಬೆಟ್ಟದ ಆಚೆಯ ಗೋಪಿನಾಥಂ ವೀರಪ್ಪನ್‌ನ ಹುಟ್ಟೂರು. ಅವನನ್ನು ಹಿಡಿಯಲು ಹೋಗಿ 1991ರ ನವೆಂಬರಿನಲ್ಲಿ ಕೊಲೆಯಾದವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, ಅವರಿಗೆ ಮರಣೋತ್ತರ ಕೀರ್ತಿ ಚಕ್ರ ಸಂದಿತು. ಆ ಊರಿನ ಮಾರಿಯಮ್ಮನ ಗುಡಿಯಲ್ಲಿ ಇಂದು ಪೂಜೆ ನಡೆಯುವುದು ಶ್ರೀನಿವಾಸರ ಭಾವಚಿತ್ರಕ್ಕೆ. ಊರಿನ ಜನ ತಲೆಮರೆಸಿಕೊಂಡವನನ್ನೇ ಯಾವಾಗಲೂ ಮೆಚ್ಚುತ್ತಾರೆ ಎಂದು ಯಾರಾದರೂ ಸಿದ್ಧಾಂತ ಮಂಡಿಸಿದರೆ ನಾನು ಈ ಗುಡಿಯನ್ನು ನೆನಪಿಸುತ್ತೇನೆ.

ಕಥೆ ಮಾರಾಟಕ್ಕೆ ಬರುವ ಹಂತ

ಲೇಖನದ ಕೊನೆಯ ಭಾಗವನ್ನು, ನಾಯಕ ಸರಕಾಗುವ ಸಂಗತಿಗೆ ಮೀಸಲಿಡಬಹುದು. ರೆಡ್ಮಂಡ್‌ನ ಚಿತ್ರವೇ ಸುಂಕ ಕಟ್ಟಿದ ಬಾಟಲಿಯ ಮೇಲೆ ಬಂತು. ಉತ್ತರ ಕೆರೊಲಿನಾದ ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ ರಾತ್ರಿ ಹೊತ್ತು ಸಾರಾಯಿ ಸಾಗಿಸಿ ಕಾರು ಓಡಿಸುವುದನ್ನು ಕಲಿತು, 1956ರಲ್ಲಿ ತಂದೆಯ ಭಟ್ಟಿಯ ಬಳಿ ಸಿಕ್ಕಿಬಿದ್ದು ಜೈಲಿಗೆ ಹೋಗಿ, 1960ರಲ್ಲಿ ಡೇಟೋನಾ ರೇಸ್ ಗೆದ್ದನು. 1986ರಲ್ಲಿ ಅಧ್ಯಕ್ಷ ರೇಗನ್ ಅವನಿಗೆ ಕ್ಷಮಾದಾನ ಕೊಟ್ಟರು. ಪಾಪ್‌ಕಾರ್ನ್ ಸಟನ್ ಎಂಬ ಅಡ್ಡಹೆಸರಿನ ಮಾರ್ವಿನ್ ಸಟನ್, ಉದ್ದ ಗಡ್ಡ, ಮೇಲಂಗಿ, ಟೊಪ್ಪಿಗೆಗಳ ವೇಷದಲ್ಲಿ ಕ್ಯಾಮೆರಾದ ಮುಂದೆ ಭಟ್ಟಿ ಇಳಿಸಿ ತನ್ನ ಪುರಾಣವನ್ನು ತಾನೇ ಕಟ್ಟಿದನು. 2009ರಲ್ಲಿ 18 ತಿಂಗಳ ಶಿಕ್ಷೆಯಾಗಿ, ಜೈಲಿಗೆ ಹಾಜರಾಗುವ ಮುನ್ನವೇ, ಮಾರ್ಚ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡನು. ಸ್ವಲ್ಪ ಕಾಲದಲ್ಲೇ ಅವನ ಹೆಸರಿನ ವಿಸ್ಕಿ ಅಂಗಡಿಗಳಲ್ಲಿ ಸುಂಕಸಹಿತ ಮಾರಾಟಕ್ಕೆ ಬಂದಿತು. ಸಟನ್‌ನ ಸಾವನ್ನು ‘ಕಾನೂನಿಗೆ ಕೊನೆಯ ಸವಾಲು’ ಎಂದು ಬರೆಯುವವರಿದ್ದಾರೆ. ಅರವತ್ತೆರಡರ ವಯಸ್ಸಿನಲ್ಲಿ ಜೈಲಿಗೆ ಹೆದರಿದ ಮನುಷ್ಯನೊಬ್ಬನ ಸಾವನ್ನು ನಾನು ಹಾಗೆ ಸಿಂಗರಿಸಲಾರೆ.

ಕರಡು ಮುಗಿದ ಮೇಲೆ ಒಮ್ಮೆ ಗಟ್ಟಿಯಾಗಿ ಓದಿ, ಓದುವಾಗ ‘ಅಂತೆ’ಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ನಾನು ಎರಡನೆಯ ಬಾರಿ ಅದೇ ಮಹಡಿಯಲ್ಲಿ ಮಾತನಾಡಿದಾಗ ಮುದ್ರಿತ ಪ್ರತಿಯನ್ನು ಇನ್‌ಸ್ಪೆಕ್ಟರ್ ಸಾಹೇಬರಿಗೆ ಮೊದಲೇ ಕೊಟ್ಟಿದ್ದೆ. ಕಾಫಿಯ ಹೊತ್ತಿಗೆ ಅವರು ತಾವಾಗಿಯೇ ಒಂದು ಘಟನೆ ಹೇಳಿದರು: ತಮ್ಮ ನೌಕರಿಯ ಆರಂಭದಲ್ಲಿ, ಗಡಿಯ ಕಾಡಂಚಿನ ಊರೊಂದರಲ್ಲಿ, ಮೂರು ಸಲ ದಾಳಿ ಮಾಡಿದರೂ ಸಿಗದ ಮುದುಕಿಯೊಬ್ಬಳು ನಾಲ್ಕನೆಯ ಸಲ ಕೊಳೆಯ ಕೊಡದ ಮೇಲೆ ದೇವರ ಪೆಟ್ಟಿಗೆ ಇಟ್ಟು, ಮುಟ್ಟಿದರೆ ಕೈ ಬಿದ್ದುಹೋಗುತ್ತದೆ ಎಂದಳಂತೆ, ಇಡೀ ತಂಡ ಕೈಮುಗಿದು ವಾಪಸಾಯಿತಂತೆ. ‘ಮಹಜರು ಸಾರ್?’ ಎಂದು ಮೂಲೆಯಿಂದ ಯಾರೋ ಕೇಳಿದರು. ಅವರು ಲೋಟವನ್ನು ಕೆಳಗಿಟ್ಟು, ‘ಬರೆದಿದ್ದೇವೆ. ಸ್ಥಳದಲ್ಲಿ ಏನೂ ದೊರೆಯಲಿಲ್ಲ ಎಂದು’ ಎಂದರು.